ಶಿವು ಆಡದ ಫೈನಲ್

ದೋಹಾ ವಿಮಾನ ನಿಲ್ದಾಣದಿಂದ ಹೊರಗೆ ಬಂದಾಗ ನನ್ನ ತಮ್ಮ ಶಿವು ಒಬ್ಬನೇ ನಿಂತಿರಲಿಲ್ಲ. ಅವನ ಹಿಂದೆ ಹಳದಿ ಜರ್ಸಿ ತೊಟ್ಟ ಐದಾರು ಗಂಡಸರಿದ್ದರು. ಬೆಂಗಳೂರಿನಿಂದ ನಾಲ್ಕು ತಾಸಿಗೂ ಹೆಚ್ಚು ಕೂತು ಬಂದ ನನ್ನ ಕಾಲುಗಳು ಜೋಮು ಹಿಡಿದಿದ್ದವು. "ಅಕ್ಕಾ, ಆರಾಮ ಬಂದ್ಯಾ? ನಾಡಿದ್ದ ಶುಕ್ರವಾರ ಸೆಮಿಫೈನಲ್ ಐತಿ" ಎಂದ ಶಿವು. ಮನೆ, ಮಳೆ, ಬೆಳೆ ಯಾವುದರ ಸುದ್ದಿಯನ್ನೂ ಕೇಳಲಿಲ್ಲ.

ನಾನು ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಖೋಖೋ ನನ್ನ ಆಟ. ಫುಟ್‌ಬಾಲ್ ಅಂದರೆ ಇಷ್ಟೊಂದು ಮಂದಿ ಒಂದೇ ಚೆಂಡಿಗೆ ಯಾಕೆ ಬಡಿದಾಡುತ್ತಾರೆ ಎಂದು ಕೇಳುವವಳು. ಶಿವು ಇಲ್ಲಿನ ಗ್ಯಾಸ್ ಪ್ಲಾಂಟಿನಲ್ಲಿ ಹನ್ನೆರಡು ವರ್ಷ ವೆಲ್ಡರ್ ಆಗಿದ್ದ. ಈಗ ಕೆಲಸ ಮುಗಿದಿತ್ತು. ಬರುವ ಬುಧವಾರಕ್ಕೆ ಕಂಪನಿಯವರು ಟಿಕೆಟ್ ಕೊಟ್ಟಿದ್ದರು. ಅದೇ ವಿಮಾನಕ್ಕೆ ನನ್ನದೂ ವಾಪಸ್ ಟಿಕೆಟ್ ಇತ್ತು. "ನಾ ಬಿಡೂದ್ರಾಗ ಒಮ್ಮೆ ಬಂದು ಈ ಊರು ನೋಡು" ಎಂದು ಅವನೇ ಕರೆಸಿಕೊಂಡಿದ್ದ.

ಅವನಿರುವ ಬರ್ವಾ ಅಲ್ ಬರಾಹಾ ಎಂಬ ಕಾರ್ಮಿಕರ ವಸತಿಯಲ್ಲಿ ಬರೀ ಗಂಡಸರ ಕೋಣೆಗಳು. ಹಾಗಾಗಿ ನನಗೆ ಓಲ್ಡ್ ಏರ್‌ಪೋರ್ಟ್ ಕಡೆ ಹಮೀದಣ್ಣನ ಫ್ಲಾಟಿನಲ್ಲಿ ಇಳಿಯುವ ವ್ಯವಸ್ಥೆಯಾಗಿತ್ತು. ಹಮೀದಣ್ಣ ಉಳ್ಳಾಲದ ಕಡೆಯವರು, ಇಲ್ಲಿ ಕಿರಾಣಿ ಅಂಗಡಿ ಇಟ್ಟವರು, ಶಿವುವಿನ ಟೀಮಿಗೆ ಮ್ಯಾನೇಜರು. ಅವರ ಹೆಂಡತಿ ನಸೀಮಾ ನನ್ನನ್ನು ಮೊದಲು ಅಡುಗೆಮನೆಗೇ ಕರೆದೊಯ್ದರು. "ಇದು ಹೊಸ ಕಾವಲಿ ಟೀಚರೇ. ನಿಮಗೇ ಅಂತ ತಂದದ್ದು. ಇದಕ್ಕೆ ಮೀನು ತಾಗಿಸ್ಲಿಲ್ಲ" ಎಂದರು. ಆ ಕಾವಲಿಯ ಮೇಲೆ ಅವರು ಹುಯ್ದ ನೀರುದೋಸೆಗೆ ನನ್ನ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದೆ. ಅವರೂ ತಿಂದರು, ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು.

ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್ ಟೂರ್ನಿ ನಾಕೌಟ್ ಹಂತಕ್ಕೆ ಬಂದಾಗ ಇಲ್ಲಿನ ನಮ್ಮ ಜನವೂ ಪ್ರತಿವರ್ಷ ತಮ್ಮದೊಂದು ಟೂರ್ನಮೆಂಟ್ ನಡೆಸುತ್ತಾರೆ. ಒಂದೊಂದು ಟೀಮಿಗೆ ಅಲ್ಲಿನ ಒಂದೊಂದು ಕ್ಲಬ್ಬಿನ ಬಣ್ಣ. ಒಂದು ಮ್ಯಾಚ್ ಅವರ ಮೈದಾನದಲ್ಲಿ, ಒಂದು ನಮ್ಮದರಲ್ಲಿ, ಎರಡರ ಗೋಲನ್ನೂ ಕೂಡಿಸಿ ಸೋತವರು ಹೊರಗೆ. ಫೈನಲ್ ಮಾತ್ರ ಒಂದೇ ಮ್ಯಾಚು. ನಿಯಮವೇನು ಎಂದು ಯಾರಾದರೂ ಕೇಳಿದರೆ "ಎಲ್ಲಾ ಯುರೋಪಿನ ಹಾಗೆಯೇ" ಎನ್ನುವುದು ವಾಡಿಕೆ. ಬಿಸಿಲಿಗೆ ಹೆದರಿ ಹೆಚ್ಚುವರಿ ಸಮಯದ ಆಟವನ್ನಷ್ಟೇ ಬಿಟ್ಟಿದ್ದರು.

ಶಿವು ಗೋಲ್‌ಕೀಪರ್ ಆಗಿದ್ದ ಟೀಮು ಒಮ್ಮೆಯೂ ಫೈನಲ್ ಕಂಡಿರಲಿಲ್ಲ. ಈ ಸಲದ ಫೈನಲ್ ಇದ್ದದ್ದು ನಾವು ಹೊರಡುವ ಬುಧವಾರದ ನಂತರದ ಶುಕ್ರವಾರ. ಹಾಗಾದರೆ ನಿನಗೇನು ಬಂತು ಎಂದು ಕೇಳಿದೆ.

"ನನಗ ಇದಾ ಫೈನಲ್ ಅಕ್ಕಾ. ಇವರನ್ನ ಅಲ್ಲಿಗೆ ಮುಟ್ಟಿಸಿ ಹೋಗ್ತೇನಿ. ಮುಟ್ಟಿಸದ ಹೋದ್ರ ಊರಾಗ ಕುಂತರೂ ನಿದ್ದಿ ಬರೂದಿಲ್ಲ."

ಗುರುವಾರ ಎರಡು ರಿಯಾಲಿನ ಮೆಟ್ರೋ ಹತ್ತಿಸಿ ಕಡಲ ದಂಡೆಗೆ ಕರೆದೊಯ್ದ. ಬಿಸಿಲು ಚುರುಗುಟ್ಟುತ್ತಿತ್ತು, ಗಾಳಿಯಲ್ಲಿ ಸಣ್ಣ ಮರಳು. ಗಾಜಿನ ಗೋಪುರಗಳನ್ನು ನಾನು ಬಾಯಿ ತೆರೆದು ನೋಡುತ್ತಿದ್ದರೆ, ಇವನು ಎರಡು ದೀಪದ ಕಂಬಗಳ ನಡುವೆ ಕೈ ಚಾಚಿ ನಿಂತು ಅಳತೆ ನೋಡುತ್ತಿದ್ದ. ಕರಕ್ ಚಹಾ ಕುಡಿಯುವಾಗಲೂ ಅದೇ ಧ್ಯಾನ. ಊರು ತೋರಿಸುತ್ತೇನೆಂದು ಕರೆಸಿದವನು ತೋರಿಸಿದ್ದು ಇಷ್ಟೇ ಎಂದು ನನಗೆ ಸಿಟ್ಟೂ ಬಂತು, ನಗುವೂ ಬಂತು.

ಶುಕ್ರವಾರ ಬೆಳಗ್ಗೆ, ಬಿಸಿಲೇರುವ ಮೊದಲೇ, ಬರ್ವಾದ ಹತ್ತಿರದ ಮರಳು ಮೈದಾನಕ್ಕೆ ಹೋದೆವು. ಟ್ಯಾಕ್ಸಿಯಲ್ಲಿ ಹಮೀದಣ್ಣ ನನಗೆ ಲೆಕ್ಕ ಬಿಡಿಸಿ ಹೇಳಿದರು. ಮುಐದರ್ ಟೀಮಿನ ವಿರುದ್ಧ ಅವರ ಮೈದಾನದಲ್ಲಿ ಆಡಿದ ಮೊದಲ ಮ್ಯಾಚು ಎರಡು-ಎರಡು. "ಒಟ್ಟು ಸಮ ಆದ್ರೆ ಹೊರಗೆ, ಅವರ ಮೈದಾನದಲ್ಲಿ, ಹೊಡೆದ ಗೋಲಿಗೆ ತೂಕ ಜಾಸ್ತಿ ಟೀಚರೇ. ನಾವು ಅಲ್ಲಿ ಎರಡು ಹೊಡ್ದಿದ್ದೇವಲ್ಲ, ಇವತ್ತು ಒಂದು-ಒಂದು ಆದ್ರೂ ಸಾಕು ಮಾರಾಯ್ರೆ, ನಾವೇ ಫೈನಲಿಗೆ."

ಒಂದು-ಒಂದೇ ಆಯಿತು. ಕೊನೆಯ ಹತ್ತು ನಿಮಿಷ ಇದ್ದಾಗ ಹಮೀದಣ್ಣ ಗೋಲು ಹೊಡೆಯುವ ಇಬ್ಬರನ್ನೂ ಹೊರಗೆ ಕರೆದು ಬೇರೆ ಇಬ್ಬರನ್ನು ಇಳಿಸಿದರು. ಫೈನಲಿಗೆ ಅವರ ಕಾಲು ಉಳಿಯಬೇಕಲ್ಲ. "ಖಲಾಸ್! ಎಲ್ಲಾ ಹಿಂದೆ ಬನ್ನಿ!" ಎಂದು ಕೂಗಿದರು. ಏಳೇಳು ಜನರ ಆಟ ಅದು, ನಮ್ಮ ಏಳೂ ಜನ ಗೋಲಿನ ಮುಂದೆ ಗೋಡೆಯಾಗಿ ನಿಂತರು. ಸೀಟಿ ಊದಿದ್ದೇ ತಡ ಕುಣಿತ ಶುರುವಾಯಿತು. ಹಮೀದಣ್ಣ ಖರ್ಜೂರದ ಡಬ್ಬಿ ಬಿಚ್ಚಿ ಎದುರು ಟೀಮಿನವರ ಬಾಯಿಗೂ ತುರುಕಿದರು.

ರೆಫರಿ ಕಾಸರಗೋಡಿನವರು. ಅವರು ಮಾತ್ರ ಚೆಂಡನ್ನು ಪೆನಾಲ್ಟಿ ಗುರುತಿನ ಮೇಲಿಟ್ಟು ನಿಂತಿದ್ದರು.

"ಎಂತ ಇದು?" ಎಂದರು ಹಮೀದಣ್ಣ.

"ಪೆನಾಲ್ಟಿ ಹಮೀದಾಕ. ಮೂರು-ಮೂರು ಆಗಿದೆ."

"ಹೊರಗಿನ ಗೋಲು?"

"ಅದನ್ನು ಯುರೋಪಿನಲ್ಲೇ ತೆಗೆದು ವರ್ಷಗಳಾಯ್ತಲ್ಲ. ನಿಮಗೆ ಗೊತ್ತಿಲ್ವಾ?"

ನಮ್ಮವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯುರೋಪಿನ ಮ್ಯಾಚುಗಳು ಇಲ್ಲಿ ಮುಗಿಯುವ ಹೊತ್ತಿಗೆ ಮಧ್ಯರಾತ್ರಿ ದಾಟಿರುತ್ತದೆ, ಇವರ ಸೈಟಿನ ಬಸ್ಸು ಕತ್ತಲಲ್ಲೇ ಬಂದು ನಿಲ್ಲುತ್ತದೆ. ಹಾಗಾಗಿ ಇವರು ಮ್ಯಾಚು ನೋಡುವುದು ಮಧ್ಯಾಹ್ನದ ಊಟದ ಹೊತ್ತಿಗೆ, ಮೊಬೈಲಿನಲ್ಲಿ, ಬರೀ ಗೋಲುಗಳನ್ನು. ಯಾರು ಹೊಡೆದರು, ಯಾವ ಕಾಲಲ್ಲಿ ಹೊಡೆದರು ಎಲ್ಲಾ ಬಾಯಿಪಾಠ. ನಿಯಮ ಬದಲಾದದ್ದನ್ನು ಆ ತುಣುಕುಗಳಲ್ಲಿ ಯಾರು ತೋರಿಸುತ್ತಾರೆ? ಮುಐದರಿನವರು ಆಫೀಸಿನ ಜನ. ಅವರಿಗೆ ಎಲ್ಲಾ ಗೊತ್ತಿತ್ತು, ಆದರೂ ಖರ್ಜೂರ ತಿಂದುಕೊಂಡು ಕೇಳುತ್ತಿದ್ದರು.

ಸೀಟಿಯ ಹೊತ್ತಿಗೆ ಮೈದಾನದೊಳಗಿದ್ದವರೇ ಪೆನಾಲ್ಟಿ ಹೊಡೆಯಬೇಕು. ಹೊಡೆಯಬಲ್ಲ ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಕೂತಿದ್ದರು. ಹಮೀದಣ್ಣ ಮರಳಲ್ಲೇ ಕುಸಿದರು. "ನಾನೇ ಹಾಳು ಮಾಡಿದೆ ಶಿವಣ್ಣ" ಎಂದರು. ನನಗೂ ಅವರ ಮೇಲೆ ಕೆಂಡದಂಥ ಸಿಟ್ಟಿತ್ತು.

ಶಿವು ಗ್ಲೌಸು ಬಿಗಿ ಮಾಡಿಕೊಂಡ. "ಏಳು ಹಮೀದಣ್ಣ. ಅಳೂದು ಆಮ್ಯಾಲ. ಐದನೇದು ನಾ ಹೊಡೀತೇನಿ."

ನಾಲ್ಕು ಸುತ್ತು ಮುಗಿದಾಗ ಪೆನಾಲ್ಟಿಯಲ್ಲೂ ಮೂರು-ಮೂರು. ಅವರ ಐದನೆಯದು ಬಲಕ್ಕೆ ಬಂತು. ಶಿವು ಉದ್ದಕ್ಕೆ ಬಿದ್ದು ಬೆರಳ ತುದಿಯಲ್ಲಿ ಅದನ್ನು ಹೊರಗೆ ತಳ್ಳಿದ. ಎದ್ದವನು ಮೊಣಕೈಯಲ್ಲಿ ರಕ್ತ ಸುರಿಸಿಕೊಂಡು, ಗ್ಲೌಸನ್ನೂ ತೆಗೆಯದೆ, ಚೆಂಡಿನ ಕಡೆ ನಡೆದ. ಅವನು ಯಾವತ್ತೂ ಪೆನಾಲ್ಟಿ ಹೊಡೆದವನಲ್ಲವೆಂದು ಪಕ್ಕದಲ್ಲಿದ್ದವರು ಆಗ ನನಗೆ ಹೇಳಿದರು. ನನಗೆ ಕೂರಲಾಗಲಿಲ್ಲ. "ಶಿವೂ! ನೆಲಾ ನೋಡಬ್ಯಾಡ, ಮೂಲಿ ನೋಡು!" ಎಂದು ಶಾಲೆಯ ದನಿಯಲ್ಲಿ ಕೂಗಿದೆ. ಅವನು ಹೆಬ್ಬೆರಳಿನಿಂದ ಒದ್ದ. ಇಷ್ಟು ಅಸಹ್ಯವಾದ ಹೊಡೆತವನ್ನು ನನ್ನ ಎಂಟನೇ ಕ್ಲಾಸಿನ ಹುಡುಗಿಯರೂ ಹೊಡೆಯುವುದಿಲ್ಲ. ಚೆಂಡು ಕೀಪರನ ಕಾಲಿಗೆ ತಾಗಿ, ಕಂಬಕ್ಕೆ ಬಡಿದು, ನಿಧಾನಕ್ಕೆ ಉರುಳಿ ಒಳಗೆ ಹೋಯಿತು. ನಾನು ಅತ್ತುಬಿಟ್ಟೆ.

ಅವನನ್ನು ಹೊತ್ತು ಕುಣಿಯುತ್ತಿದ್ದವರು ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ಕುಣಿತ ನಿಲ್ಲಿಸಿದರು. ಫೈನಲಿಗೆ ಈ ಕೀಪರ್ ಇರುವುದಿಲ್ಲ ಎಂಬುದು ಎಲ್ಲರಿಗೂ ಆಗ ನೆನಪಾಗಿತ್ತು. ಶಿವು ಹೆಗಲಿಂದ ಇಳಿದು, "ಯಾಕೂಬ ಎಲ್ಲಿ? ನಾಳಿಂದ ದಿನಾ ಸಂಜಿಗೆ ಬರಬೇಕು ನೋಡಪಾ" ಎಂದ. ಯಾಕೂಬ ಟೀಮಿನ ಎರಡನೇ ಕೀಪರ್, ಬಂಟ್ವಾಳ ಕಡೆಯ ಲಾರಿ ಡ್ರೈವರ್. ಆ ವರ್ಷ ಒಂದು ಮ್ಯಾಚೂ ಆಡಿರಲಿಲ್ಲ.

ಮಂಗಳವಾರದವರೆಗೆ ಶಿವುವಿಗೆ ಅದೇ ಕೆಲಸವಾಯಿತು. ಊರಿಗೆ ಒಯ್ಯುವ ಕಂಬಳಿ, ಖರ್ಜೂರವನ್ನು ನಾನೂ ನಸೀಮಾನೂ ಹೋಗಿ ತಂದೆವು. ಸಂಜೆಗೆ ನಾನೂ ಮೈದಾನಕ್ಕೆ ಹೋಗಿ ನೋಡುತ್ತಿದ್ದೆ. ಯಾಕೂಬ ಬಲಕ್ಕೆ ಚೆನ್ನಾಗಿ ಹಾರುತ್ತಿದ್ದ. ಎಡಕ್ಕೆ ಬಂದರೆ ಮಾತ್ರ ನೆಲದಿಂದ ಕಾಲು ಕೀಳುತ್ತಲೇ ಇರಲಿಲ್ಲ, ಕೈಯಷ್ಟೇ ಚಾಚುತ್ತಿದ್ದ. ಶಿವು ಎಡಕ್ಕೇ ಹೊಡೆದ, ಬೈದ, ತಾನೇ ಬಿದ್ದು ತೋರಿಸಿದ.

"ಹೇಗೆ ಟೀಚರೇ, ಈಗ ಪರ್ವಾಗಿಲ್ವಾ?" ಎಂದು ಕೊನೆಯ ಸಂಜೆ ಯಾಕೂಬ ನನ್ನನ್ನೇ ಕೇಳಿದ.

"ಇಲ್ಲ, ಚೊಲೋ ಇಲ್ಲ" ಎಂದೆ. ಸುಳ್ಳು ಶಹಬ್ಬಾಸ್ ನನ್ನ ಬಾಯಿಂದ ಹೊರಡುವುದಿಲ್ಲ. ಯಾಕೂಬ ಮತ್ತೆ ಗೋಲಿಗೆ ಹೋಗಿ ನಿಂತ.

ಬುಧವಾರ ಹಗಲಿನ ವಿಮಾನ. ನಿಲ್ದಾಣದಲ್ಲಿ ಹಮೀದಣ್ಣ ಶಿವುವನ್ನು ತಬ್ಬಿ ಬಿಡಲೊಲ್ಲರು. ನಸೀಮಾ ನನ್ನ ಕೈಗೆ ಬುತ್ತಿ ಇಟ್ಟರು. ಹಳದಿ ಜರ್ಸಿಯವರೆಲ್ಲ ಡ್ಯೂಟಿಯಲ್ಲಿದ್ದರು, ಯಾರೂ ಬರಲಾಗಿರಲಿಲ್ಲ. ವಿಮಾನ ಏರುವಾಗ ಶಿವು ಕಿಟಕಿಗೆ ಹಣೆ ಹಚ್ಚಿ ಕೂತ. ಕೆಳಗೆ ಗೋಪುರಗಳು ಸಣ್ಣವಾಗಿ, ಬರೀ ಮರಳು ಉಳಿಯಿತು, ಆಮೇಲೆ ನೀರು. ಹೆಂಡತಿ, ಮಗಳು, ಗದಗಿನಲ್ಲಿ ಹಾಕಬೇಕೆಂದಿದ್ದ ವೆಲ್ಡಿಂಗ್ ಅಂಗಡಿ, ಯಾವುದರ ಮಾತನ್ನೂ ಎತ್ತಲಿಲ್ಲ. ಊಟದ ತಟ್ಟೆ ಬಂದು, ಮುಟ್ಟದೆ ವಾಪಸ್ ಹೋಯಿತು.

"ಅಕ್ಕಾ" ಎಂದ ಕೊನೆಗೆ. "ಯಾಕೂಬ ಎಡಕ್ಕ ಬೀಳ್ತಾನೇನ? ಖರೇ ಹೇಳು."

ಅಷ್ಟೂ ಸಂಜೆ ಕಣ್ಣಾರೆ ನೋಡಿದವಳು ನಾನು.

"ಬೀಳ್ತಾನ" ಎಂದೆ.