ಎರಡು ಸ್ಲೇಟುಗಳ ಸದಾಶಿವಯ್ಯನವರು

ತುಮಕೂರು ಸೀಮೆಯಲ್ಲಿ ತಂತಿಯ ಕೆಲಸ ಬಲ್ಲವರನ್ನು ನೆನೆಯಹೊರಟರೆ ಮೊದಲು ನಾಲಿಗೆಗೆ ಬರುವ ಹೆಸರು ಉಪ್ಪಾರಹಳ್ಳಿಯ ಶ್ರೀ ಸದಾಶಿವಯ್ಯನವರದು. ಮೂವತ್ತಮೂರು ವರ್ಷ ಟೆಲಿಗ್ರಾಂ ಯಂತ್ರದ ಕಟಕಟ ಸದ್ದನ್ನು ಮಾತಾಗಿಸಿ, ಊರೂರಿನ ಸುಖದುಃಖಗಳನ್ನು ದಾಟಿಸಿ, 1968ರ ಈ ಜೂನ್‌ನಲ್ಲಿ ನಿವೃತ್ತರಾಗುತ್ತಿರುವ ಈ ಹಿರಿಯರಿಗೆ ಹೊಗಳಿಕೆಯೆಂದರೆ ಹಾಗಲಕಾಯಿ. ಆದ್ದರಿಂದ ಅವರ ಒಂದು ತಪ್ಪಿನ ಕಥೆಯನ್ನೇ ಹೇಳುವುದು ಕ್ಷೇಮ.

ಬೆಂಗಳೂರಿನಿಂದ ಬಂದ ಸುದ್ದಿಯನ್ನು ಕೇಳಿ ಸ್ಲೇಟಿನ ಮೇಲೆ ಬರೆದುಕೊಳ್ಳುವುದು, ಅದನ್ನು ನೋಡಿಕೊಂಡು ಗುಬ್ಬಿಗೋ ಕುಣಿಗಲ್ಲಿಗೋ ಕಳಿಸುವುದು, ಆಮೇಲೆ ಒರೆಸುವುದು: ಕಾಗದ ಉಳಿಸಲೆಂದು ಅವರ ಪುಟ್ಟ ಶಾಖೆಯಲ್ಲಿ ಬೆಳೆದಿದ್ದ ರೂಢಿ ಇದು. ಬೆಂಗಳೂರಿನವರ ಕೈ ಬಲು ಚುರುಕು, ಗುಬ್ಬಿಯವರದು ನಿಧಾನ; ನಡುವೆ ಇದ್ದದ್ದು ಒಂದೇ ಸ್ಲೇಟು.

1956ರ ಒಂದು ಶನಿವಾರ ಸಂಜೆ ಗುಬ್ಬಿಯ ಶಕುಂತಲಮ್ಮನವರಿಗೆ ತಂತಿ ಬಂತು. “ಶಿಕ್ಷಕಿ ಹುದ್ದೆಗೆ ಆಯ್ಕೆಯಾಗಿದ್ದೀರಿ” ಎಂಬ ಮೊದಲ ಸಾಲು ಗುಬ್ಬಿಗೆ ಹೋಗುವಷ್ಟರಲ್ಲಿ ಬೆಂಗಳೂರು ಮತ್ತೆ ಕಟಕಟಿಸಿತು. ಸದಾಶಿವಯ್ಯನವರು ಗಡಿಬಿಡಿಯಲ್ಲಿ, ಎರಡನೆಯ ಸಾಲು ಕಳಿಸುವ ಮೊದಲೇ ಸ್ಲೇಟು ಒರೆಸಿ, ಕೊಬ್ಬರಿ ವ್ಯಾಪಾರಿಯೊಬ್ಬರ ಸುದ್ದಿ ಬರೆದುಕೊಂಡರು. ಮತ್ತೆ ಗುಬ್ಬಿಯತ್ತ ತಿರುಗಿ ಎರಡನೆಯ ಸಾಲು ಕಳಿಸಿದರು: “ಈಗ ಹೊರಡಬೇಡಿ, ಮುಂದಿನ ಸೂಚನೆಯವರೆಗೆ ತಡೆಯಿರಿ.” ಅದು ವ್ಯಾಪಾರಿಯ ಸಾಲು!

ಭಾನುವಾರ ಬೆಳಿಗ್ಗೆ ಸ್ನಾನ ಮಾಡುವಾಗ ಕಿವಿಯಲ್ಲಿ ಹಿಂದಿನ ದಿನದ ಸದ್ದು ಮರುಕಳಿಸಿತು. ‘ಸೋಮವಾರ ಹತ್ತಕ್ಕೆ ಕುಣಿಗಲ್ ಶಾಲೆಗೆ ತಪ್ಪದೆ ಹಾಜರಾಗಿ’ ಎಂದು ಕೇಳಿದ್ದು ನಿಜ. ಆದರೆ ಕುಣಿಗಲ್ ಎಂಬ ಹೆಸರನ್ನು ಕೈ ಕಳಿಸಿರಲೇ ಇಲ್ಲ. ಒದ್ದೆ ಮೈಯಲ್ಲೇ ಅಂಗಿ ತೊಟ್ಟು ಶಾಖೆಗೆ ಓಡಿದರು. ಅಂದು ಗುಬ್ಬಿಯ ತಂತಿಗೆ ರಜ. ತಾವೇ ಹೋಗಿ ಹೇಳಲು ಹೊರಟವರನ್ನು ಸಹೋದ್ಯೋಗಿ ತಿಪ್ಪಯ್ಯನವರು ತಡೆದರು: “ಬಡ್ತಿ ಬರೋ ಹೊತ್ನಲ್ಲಿ ಯಾಕ್ ಸಾ? ಯಾರಿಗೂ ಗೊತ್ತಾಗಲ್ಲ ಬುಡಿ.”

“ಆ ಹೆಣ್ಮಗಳ ಕೆಲಸ ನನ್ನ ಕೈಯಿಂದ ಹೋದ್ರೆ ನನಗೆ ಗೊತ್ತಿರುತ್ತಲ್ಲಯ್ಯ” ಎಂದವರೇ ಸೈಕಲ್ ಏರಿದರು. ಹನ್ನೆರಡು ಮೈಲಿ ಎದುರುಗಾಳಿ.

ಗುಬ್ಬಿಯಲ್ಲಿ ಶಕುಂತಲಮ್ಮನವರ ತಾಯಿ ಗಂಗಲಕ್ಷ್ಮಮ್ಮನವರು ಹಾಲು ಕರೆಯುತ್ತಿದ್ದರು. ಸದಾಶಿವಯ್ಯನವರು ಕೈಮುಗಿದು, ಸರಿಯಾದ ಸುದ್ದಿಯನ್ನೂ ಒಂದೇ ಸ್ಲೇಟಿನ ಕಥೆಯನ್ನೂ ಹೇಳಿ ತಪ್ಪೊಪ್ಪಿಕೊಂಡರು. ಆಕೆ ಬಯ್ಯಲಿಲ್ಲ ಅಂತಲ್ಲ, ಚೆನ್ನಾಗಿಯೇ ಬೈದರು. ಆಮೇಲೆ ಕೇಳಿದರು: “ಅಲ್ಲ ಕಣಪ್ಪ, ಒಂದು ಚೆಂಬು ತುಂಬ್ತು ಅಂತ ಹಸೂಗೆ ನಿಲ್ಲು ಅನ್ನೋಕಾಗ್ತದಾ? ಒಂದನ್ನ ಒಳಗೆ ಸುರಿಯೋವಾಗ ಇನ್ನೊಂದು ಕೆಚ್ಚಲ ಕೆಳಗೆ ಇರಬೇಕು. ನಿಮಗೆ ಎರಡು ಸ್ಲೇಟು ಗತಿ ಇಲ್ವಾ?”

ಸೋಮವಾರ ಹತ್ತಕ್ಕೆ ಮುಂಚೆಯೇ ಶಕುಂತಲಮ್ಮನವರು ಕುಣಿಗಲ್ ಶಾಲೆಯಲ್ಲಿದ್ದರು. ಅದೇ ದಿನ ಶಾಖೆಯ ಮೇಜಿನ ಮೇಲೆ ಎರಡು ಸ್ಲೇಟುಗಳು ಬಂದವು. ಒಂದರಲ್ಲಿ ಬರೆಯುವುದು, ಇನ್ನೊಂದರಿಂದ ಕಳಿಸುವುದು, ಆ ಕಡೆಯವರು ‘ಪೂರ್ತಿ ಬಂತು’ ಎನ್ನದೆ ಒರೆಸುವಂತಿಲ್ಲ. ತಪ್ಪನ್ನು ಮೇಲಧಿಕಾರಿಗಳಿಗೆ ತಾವೇ ಬರೆದು ತಿಳಿಸಿದ್ದರಿಂದ ಬಡ್ತಿ ಎರಡು ವರ್ಷ ಹಿಂದೆ ಬಿತ್ತು. ಹೊಸಬರಿಗೆ ಕೆಲಸ ಕಲಿಸುವಾಗ ಅವರು ಇಂದಿಗೂ ಮೊದಲು ಹೇಳುವುದು ಇದೇ ಸಂಗತಿಯನ್ನು, ತಮ್ಮ ಹೆಸರು ಮರೆಸದೆ. ಇಂಥವರ ಜೊತೆ ದುಡಿದೆವೆಂಬುದು ನಮ್ಮ ಭಾಗ್ಯ.

ಅವರಿಗೆ ಆಯುರಾರೋಗ್ಯ ಕೂಡಿಬರಲಿ, ಕಲಿಸುವ ಕೆಲಸ ನಿಲ್ಲದಿರಲಿ. ಶಕುಂತಲಮ್ಮನವರ ಕೈಯಲ್ಲಿ ಈ ಹನ್ನೆರಡು ವರ್ಷಗಳಲ್ಲಿ ಐನೂರು ಮಕ್ಕಳಾದರೂ ಅಕ್ಷರ ಕಲಿತಿದ್ದಾರೆ. ತಮಗಾಗಿ ಒಬ್ಬರು ಎದುರುಗಾಳಿಯಲ್ಲಿ ಸೈಕಲ್ ತುಳಿದದ್ದು ಆ ಮಕ್ಕಳಿಗೆ ಗೊತ್ತಿಲ್ಲ. ಗೊತ್ತಾಗಲೆಂದೇ ಇಷ್ಟು ಬರೆದದ್ದು.