ಸದಾ ತುಂಬಿರಬೇಕಾದ ತಟ್ಟೆ

ತಿ. ನರಸೀಪುರದ ಬಸ್‌ಸ್ಟ್ಯಾಂಡ್ ಹಿಂದೆ ಮೆಸ್ ನಡೆಸುತ್ತಿದ್ದ ಅಕ್ಕ ಯಾರನ್ನೂ ಊಟಕ್ಕೆ ಕಾಯಿಸಿದವರಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು, "ಅಸಿವು ಗಂಟೆ ನೋಡ್ಕೊಂಡು ಬತ್ತದಾ?" ಅನ್ನುತ್ತಲೇ ಎಲೆ ಹಾಕುತ್ತಿದ್ದರು. ಎಲ್ಲರಿಗೂ ಪೊಮೇರಿಯನ್ ನಾಯಿ ಸಾಕುವ ಗೀಳು ಹತ್ತಿದ್ದ ಆ ಕಾಲದಲ್ಲಿ ಅಕ್ಕನೂ ಅಂಗೈಯಗಲದ ಮರಿಯೊಂದನ್ನು ತಂದರು. ಅದಕ್ಕೂ ಅದೇ ನ್ಯಾಯ. ಹಿತ್ತಲಲ್ಲಿ ಹಾಲನ್ನದ ತಟ್ಟೆ ದಿನವಿಡೀ ತುಂಬಿರಬೇಕು.

ಆ ಮೆಸ್ಸಿನ ದಿನದ ಗಿರಾಕಿ, ಊರಿಗೆಲ್ಲ ಟೋಪಿ ಹಾಕಿದ ಗಟ್ಟಿಗ ನಾನು, ಬಿಡುತ್ತೇನೆಯೇ? "ಒತ್ತೊತ್ತಿಗೆ ಇಕ್ಕಕ್ಕಾ, ಇಲ್ದಿದ್ರೆ ಅಂದಿ ಥರ ಊದ್ಕತದೆ" ಎಂದು ಕಾಡುತ್ತಿದ್ದೆ.

"ತಟ್ಟೆ ನೋಡ್ಲಾ, ಎಂಗೆ ಖಾಲಿ ಮಾಡ್ತದೆ ನನ್ ಕೂಸು!" ಎಂದು ಅಕ್ಕ ಬೀಗುತ್ತಿದ್ದರು.

ಒಂದು ಮಧ್ಯಾಹ್ನ ಮರಿ ಒದ್ದೆ ಬಟ್ಟೆಯಂತೆ ಬಿದ್ದಿತ್ತು. ಅಕ್ಕ ಕಿರುಚಿಕೊಂಡು ಬೆಲ್ಲದ ನೀರನ್ನು ಅದರ ಒಸಡಿಗೆ ಸವರಿದರು. ನಾನು ಎತ್ತಿ ನೋಡಿದರೆ ದಟ್ಟ ಕೂದಲೊಳಗೆ ಬರೀ ಮೂಳೆ, ಮೂತಿಯ ತುಂಬ ಕುಕ್ಕಿದ ಗಾಯ. ಅಷ್ಟರಲ್ಲಿ ಪಕ್ಕದ ಮನೆಯ ಕೋಳಿ ಪಿಳ್ಳೆಗಳ ದಂಡಿನೊಂದಿಗೆ ಬಂದು, ನಮ್ಮೆದುರಿಗೇ ತಟ್ಟೆ ಬರಿದು ಮಾಡಿತು.

"ಇಷ್ಟ್ ದಿನ ನಾನು ಕೋಳಿ ಸಾಕ್ದ್ನಲ್ಲೋ!" ಎಂದರು ಅಕ್ಕ.

ಮರಿ ಕಣ್ಣು ಬಿಟ್ಟಿತು. ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ಬೆರಳಲ್ಲಿ ಹಾಲನ್ನ ನೆಕ್ಕಿಸತೊಡಗಿದರು. ಹೊರಗಿನಿಂದ ಗಿರಾಕಿಯೊಬ್ಬ, "ಅಕ್ಕಾ, ಊಟ" ಎಂದು ಕೂಗಿದ.

ಅಕ್ಕ ತಲೆಯೆತ್ತಲಿಲ್ಲ. "ಕೂತಿರಪ್ಪ, ಇದು ನುಂಗ್ಲಿ."