ರಮಜಾನಬಿ ಮುಚ್ಚಿದ ಮೂಲೆ

ನರಗುಂದದ ಗುಡ್ಡದ ಬುಡದಲ್ಲಿ, ಪೇಟೆಯಿಂದ ಒಳಗೆ ತಿರುಗುವ ಓಣಿಯ ಮೊದಲ ಕಟ್ಟೆಯ ಮೇಲೆ ಕೂತು ರಮಜಾನಬಿ ಊರಿನವರ ಆಸೆಗಳನ್ನು ಹೊಲಿಯುತ್ತಿದ್ದಳು. ಹೊಲಿಯುತ್ತಲೇ ಅವುಗಳ ಮಾನ ಕಳೆಯುತ್ತಿದ್ದಳು. ಎರಡೂ ಕೆಲಸದಲ್ಲಿ ಅವಳಿಗೆ ಸರಿಗಟ್ಟುವವರು ಸುತ್ತಲಿನ ಹಳ್ಳಿಗಳಲ್ಲಿ ಯಾರೂ ಇರಲಿಲ್ಲ. ಶಿರೋಳದ ದಾರಿಯ ದಿಬ್ಬದ ಮೇಲಿನ ದರ್ಗಾದಲ್ಲಿ ಹರಕೆಯ ನಿಶಾನೆ, ಅಂದರೆ ಹಸಿರು ಬಾವುಟ, ಏರಿಸಬೇಕೆಂದರೆ, ಜಾತಿ ಯಾವುದೇ ಇರಲಿ, ಹಸಿರು ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳ ಕಟ್ಟೆಗೇ ಬರಬೇಕು. ಬಂದವರು ಬೈಸಿಕೊಂಡೇ ಹೋಗಬೇಕು.

ನಿಶಾನೆ ಹೊಲಿಯುವುದಕ್ಕೆ ಒಂದು ಕಟ್ಟಳೆ ಇತ್ತು. ಮಷೀನು ಮುಟ್ಟಿಸುವಂತಿಲ್ಲ, ಕೈಹೊಲಿಗೆಯೇ ಆಗಬೇಕು. ಅಂಚನ್ನೆಲ್ಲ ಮಡಚಿ ಹೊಲಿದ ಮೇಲೆ ಕೊನೆಯ ಮೂಲೆಯಲ್ಲಿ ಒಂದು ಬೆರಳಗಲ ಹಾಗೇ ಬಿಡಬೇಕು. ಹರಕೆ ಹೊತ್ತವರು ಬಂದು, ತಮಗೆ ಏನು ಬೇಕು ಎಂಬುದನ್ನು ಬಾಯಿಬಿಟ್ಟು ಹೇಳಿ, ತಮ್ಮ ಕೈಯಾರೆ ಆ ಮೂಲೆಯನ್ನು ಮುಚ್ಚಬೇಕು. ಹೊಲಿದವಳು ಅದಕ್ಕೆ ಸಾಕ್ಷಿ. ದರ್ಗಾ ನೋಡಿಕೊಳ್ಳುವ ಮುಜಾವರ ಕಾಶೀಂಸಾಬ ಕೋಲಿಗೆ ಕಟ್ಟುವ ಮುಂಚೆ "ಸಾಕ್ಷಿ ಯಾರು?" ಎಂದು ಕೇಳುತ್ತಿದ್ದ. "ರಮಜಾನಬಿ" ಎಂದರೆ ಮುಗಿಯಿತು. ಮೂಲೆ ಯಾರು ಮುಚ್ಚಿದರೋ ನಿಶಾನೆ ಅವರದು. ಒಮ್ಮೆ ಮುಚ್ಚಿದ್ದನ್ನು ಬಿಚ್ಚುವಂತಿಲ್ಲ. ಆ ಮೂಲೆಯ ಮೇಲೆ ಸುಳ್ಳು ಹೇಳಿದರೆ ಆ ಸುಳ್ಳು ತಿರುಗಿ ಬಂದು ಹೇಳಿದವರ ಮನೆಯಲ್ಲೇ ಕೂಡುತ್ತದೆ ಎಂದು ರಮಜಾನಬಿ ಎಲ್ಲರನ್ನೂ ಹೆದರಿಸುತ್ತಿದ್ದಳು. ಬರೀ ಹೆದರಿಸುವುದಕ್ಕಲ್ಲ, ಅವಳು ಅದನ್ನು ನಂಬಿದ್ದಳು.

ಗಜೇಂದ್ರಗಡದಿಂದ ಸೊಸೆಯಾಗಿ ಬಂದಾಗ ಈ ಕೆಲಸ ಅವಳ ಅತ್ತೆಯ ಕೈಯಲ್ಲಿತ್ತು. ಆ ಮುದುಕಿ ಜನರ ಹರಕೆಯನ್ನು ತಲೆ ತಗ್ಗಿಸಿ ಕೇಳುತ್ತಿದ್ದಳು, ಕೇಳಿದ್ದನ್ನು ಅಲ್ಲೇ ಮರೆಯುತ್ತಿದ್ದಳು. ಅತ್ತೆಯ ಸೂಜಿ ರಮಜಾನಬಿಗೆ ಬಂತು, ಅತ್ತೆಯ ಮೌನ ಬರಲಿಲ್ಲ. ಗಂಡ ಮದರಸಾಬ ಬದುಕಿದ್ದಾಗ "ನಿನ್ನ ನಾಲಿಗಿಗೂ ಒಂದ ಹೊಲಿಗಿ ಹಾಕ್ಕೋ" ಎಂದು ಅನ್ನುತ್ತಿದ್ದನಂತೆ. ಅವನು ಹೋದ ಮೇಲೆ ಹಾಗೆ ಅನ್ನುವ ಧೈರ್ಯ ಯಾರಿಗೂ ಉಳಿಯಲಿಲ್ಲ.

ನಿಜ ಹೇಳಬೇಕೆಂದರೆ, ಜನ ತರುತ್ತಿದ್ದ ಆಸೆಗಳೂ ಹಾಗೇ ಇದ್ದವು. ಚಿಕ್ಕನರಗುಂದದ ಅಯ್ಯಪ್ಪ ಪಂಚಾಯತಿ ಇಲೆಕ್ಷನ್ನಿಗೆ ನಿಂತಾಗ ತಾನು ಗೆಲ್ಲಲಿ ಎಂದು ಕೇಳಲಿಲ್ಲ, ಎದುರಿನವನಿಗೆ ವೋಟಿನ ದಿನದ ತನಕ ಜ್ವರ ಬಿಡದಿರಲಿ ಎಂದು ಕೇಳಿದ. ರಾಜೇಶ್ವರಿ ಎಂಬ ಸಾಲಿ ಬಾಯಿ ದಿನಾ ರೋಣದಲ್ಲಿ ಬಸ್ಸು ಬದಲಿಸಿ ಗಜೇಂದ್ರಗಡದಾಚೆಯ ಹಳ್ಳಿಗೆ ಪಾಠ ಹೇಳಲು ಹೋಗುತ್ತಿದ್ದಳು. ಅವಳು ಕಣ್ಣು ಮುಚ್ಚಿ, ಕೈ ಮುಗಿದು, "ಎಲ್ಲಾರಿಗೂ ಒಳ್ಳೇದಾಗ್ಲಿ" ಎಂದಳು.

ರಮಜಾನಬಿ ಸೂಜಿ ಕಸಿದುಕೊಂಡಳು. "ಎಲ್ಲಾರ ಉಸಾಬರಿ ನಿಮಗ ಯಾಕ್ರಿ ಬಾಯಾರ? ಎಲ್ಲಾರೂ ಬರ್ತಾರ, ಅವರವರದು ಅವರು ಕೇಳ್ಕೋತಾರ. ನಿಮಗ ಏನ ಬೇಕು, ಅದನ್ನ ಹೇಳ್ರಿ."

"ವರ್ಗ ಆಗ್ಬೇಕ್ರಿ," ಎಂದಳು ರಾಜೇಶ್ವರಿ, ಮೆಲ್ಲಗೆ.

"ಜೋರಾಗಿ ಹೇಳ್ರಿ, ಕೇಳ್ಸಲಿಲ್ಲ."

ಕೇಳಿಸಿತ್ತು. ರಮಜಾನಬಿಯ ಕಿವಿ ಬೆಕ್ಕಿನ ಕಿವಿ. ಆದರೂ ಓಣಿಗೆಲ್ಲ ಕೇಳಲಿ ಎಂದು ಎಲ್ಲರಿಂದಲೂ ಎರಡನೇ ಸಲ ಹೇಳಿಸುವುದು ಅವಳ ಚಟ. ಓಣಿಯವರಿಗೂ ಅದೇ ಬೇಕಿತ್ತು. ಹಲ್ಲುಜ್ಜುತ್ತ ನಿಂತವರು, ನೀರು ಹಿಡಿಯುವವರು, ಕೆಲಸವಿಲ್ಲದವರು ಎಲ್ಲ ಕಿವಿ ಚಾಚಿ ಕೇಳಿ, ಹಲ್ಲು ಬಿಟ್ಟು ನಗುತ್ತಿದ್ದರು. ತಮ್ಮ ಸರದಿ ಬಂದಾಗ ಅದೇ ಕಟ್ಟೆಯ ಮೇಲೆ ಮೋರೆ ಕೆಂಪಗೆ ಮಾಡಿಕೊಂಡು ಕೂಡುತ್ತಿದ್ದರು.

"ನಾ ಇವತ್ತಿನ ತನಕಾ ಯಾರ ಮುಂದೂ ಕೈ ಒಡ್ಡಿಲ್ಲ. ಮ್ಯಾಲಿನ ಮಾಲಿಕನ ಮುಂದನೂ ಒಡ್ಡಿಲ್ಲ," ಎಂಬುದು ರಮಜಾನಬಿಯ ದೊಡ್ಡಸ್ತಿಕೆ. ಇಷ್ಟೊಂದು ನಿಶಾನೆ ಹೊಲಿದವಳು ತನಗಾಗಿ ಒಂದು ಕರ್ಚೀಫಿನಷ್ಟೂ ಹೊಲಿದುಕೊಂಡಿರಲಿಲ್ಲ. ಬೇಡುವವರೆಲ್ಲ ಅವಳ ಕಣ್ಣಿಗೆ ಹುಳುಗಳು.

ಆ ಹುಳುಗಳಲ್ಲೆಲ್ಲ ಅವಳಿಗೆ ಹೆಚ್ಚು ರುಚಿಸಿದ್ದು ಎದುರುಮನೆಯ ಮಾಳವ್ವ. ಹಾಲು ಮಾರಿ ಬದುಕುವ ಹೆಂಗಸು. ಅವಳ ಎಮ್ಮೆಯ ಎರಡೂ ಕಣ್ಣಿಗೆ ಬಿಳಿ ಪೊರೆ ಬಂದು ಅದು ಗೋಡೆ ಗೋಡೆಗೆ ಹಾಯತೊಡಗಿದಾಗ, ಮಾಳವ್ವ ತನ್ನ ಹಳೇ ಹಸಿರು ಸೀರೆಯ ತುಂಡನ್ನು ತಂದು ಕಟ್ಟೆಯ ಮೇಲೆ ಕೂತಳು. "ನಮ್ಮ ಎಮ್ಮಿಗೆ ಕಣ್ಣ ಬರಲಿ," ಎಂದಳು.

"ಜೋರಾಗಿ ಹೇಳು, ಕೇಳ್ಸಲಿಲ್ಲ."

"ನಮ್ಮ ಎಮ್ಮಿಗೆ ಕಣ್ಣ ಬರಲಿ ಬೂಬವ್ವಾ."

"ಯಾಕ? ಪೇಪರ ಓದತೈತೇನ ನಿಮ್ಮ ಎಮ್ಮಿ?"

ಓಣಿ ಬಿದ್ದು ಬಿದ್ದು ನಕ್ಕಿತು. ಮಾಳವ್ವ ನಗಲಿಲ್ಲ, ಅಳಲೂ ಇಲ್ಲ. ಮೂಲೆ ಮುಚ್ಚಿ, ನಿಶಾನೆ ಮಡಚಿಕೊಂಡು ಎದ್ದು ಹೋದಳು. ಎಮ್ಮೆಗೆ ಕಣ್ಣು ಬರಲಿಲ್ಲ. ಅಂದಿನಿಂದ ಮಾಳವ್ವ ದಿನಾ ಅದರ ಕೊಂಬಿಗೆ ಒಂದು ಕೈ ಹಚ್ಚಿ, ಕಲ್ಲು ಬಂದಾಗ "ಕಲ್ಲೈತಿ ನೋಡ", ಗಟಾರ ಬಂದಾಗ "ದಾಟ" ಎನ್ನುತ್ತ ಕಾಲುವೆಯ ತನಕ ಕರೆದುಕೊಂಡು ಹೋಗಿ ಬರುತ್ತಿದ್ದಳು. ರಮಜಾನಬಿಗೆ ದಿನಕ್ಕೆರಡು ಸಲ ಪುಕ್ಕಟೆ ತಮಾಷೆ. "ಬಂದ್ರ ನೋಡ್ರಿ ರಾಣಿಸಾಹೇಬರು" ಎಂದು ಅನ್ನದೆ ಒಂದು ದಿನವೂ ಬಿಡುತ್ತಿರಲಿಲ್ಲ.

ಇನ್ನು ಆಗಬಾರದ್ದು ಆಯಿತು. ಎರಡು ಸಾವಿರದ ಐದರ ಹೊತ್ತಿಗೆ ರಮಜಾನಬಿಯ ಕಣ್ಣಿಗೂ ಪೊರೆ ಬಂತು. ಮೊದಲು ಬೀದಿ ದೀಪದ ಸುತ್ತ ಬಳೆ ಕಂಡವು. ಆಮೇಲೆ ಹಸಿರು ಬಟ್ಟೆಯೊಳಗೆ ಹಸಿರು ದಾರ ಮಾಯವಾಯಿತು. ಅದಾದ ಮೇಲೆ ಬಟ್ಟೆಯೂ ಮಸುಕಾಯಿತು. ಬೇರೆಯವರಾಗಿದ್ದರೆ ಮಗನಿಗಾದರೂ ಹೇಳುತ್ತಿದ್ದರು. ಇವಳು ಹೇಳಲಿಲ್ಲ. ಸೊಸೆ ಮೆಹನಾಜ ಬೆಳಗ್ಗೆದ್ದ ಕೂಡಲೇ ಡಬ್ಬಿ ತುಂಬ ಸೂಜಿಗೆ ದಾರ ಪೋಣಿಸಿ ಇಡಬೇಕೆಂದು ಕಾನೂನು ಮಾಡಿದಳು. "ಖಾಲಿ ಕುಂತ್ರ ಮೈ ಬೆಳೀತೈತಿ, ಪೋಣಸು" ಎಂದು ಮೇಲಿಂದ ಬೈಗುಳ ಬೇರೆ. ಹೊಲಿಗೆಯನ್ನು ಬೆರಳಿಗೆ ಬಿಟ್ಟಳು. ಬಿಡಬೇಕಾದ ಮೂಲೆಯಲ್ಲಿ ಮೊದಲೇ ದಾರದ್ದೊಂದು ಗಂಟು ಹಾಕಿಟ್ಟು, ಬೆರಳಿಗೆ ಆ ಗಂಟು ಸಿಕ್ಕ ಕೂಡಲೇ ನಿಲ್ಲಿಸುತ್ತಿದ್ದಳು. ಜನರನ್ನು ದನಿಯಿಂದ ಗುರುತು ಹಿಡಿದು, ಮೊದಲಿಗಿಂತ ಹೆಚ್ಚು ಬೈಯುತ್ತಿದ್ದಳು.

ಊರಿಗೆ ಪುಕ್ಕಟೆ ಕಣ್ಣಿನ ಕ್ಯಾಂಪು ಬಂದಾಗ ಓಣಿಯ ಮುದುಕರೆಲ್ಲ ಸಾಲು ಹಚ್ಚಿ ಹೊರಟರು. ಮಗ ಇಲಿಯಾಸ "ನೀನೂ ಒಂದ ಸಲ ತೋರ್ಸಿಬಿಡಬೇ" ಎಂದ. "ಹೋಗ್ರಿ, ಎರಡ ಕಣ್ಣ ಇದ್ದವರು ನಾಕ ಹಾಕ್ಕೊಂಡ ಬರ್ರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಅವಳು ಒಳಗೆ ಹೋದಳು. ಒಳಗೆ ಹೋಗುವಾಗ ಹೊಸ್ತಿಲು ಎಡವಿದಳು.

ಅವಳ ಭಯ ಏನು ಎಂದು ನಾನು ಬಿಚ್ಚಿಯೇ ಹೇಳುತ್ತೇನೆ. ಕಣ್ಣಿಲ್ಲವೆಂದು ಗೊತ್ತಾದರೆ ಬಟ್ಟೆ ಯಾರು ತರುತ್ತಾರೆ? ಹುಬ್ಬಳ್ಳಿಯಿಂದ ಥಳಥಳ ಹೊಳೆಯುವ, ಪ್ರಿಂಟು ಹೊಡೆದ ನಿಶಾನೆಗಳು ಆಗಲೇ ಪೇಟೆಗೆ ಬಂದಿದ್ದವು. ಅವಕ್ಕೆ ಸಾಕ್ಷಿಯೂ ಬೇಡ, ಹೊಲಿಯುವವಳೂ ಬೇಡ. ಕಾಶೀಂಸಾಬ ಅವನ್ನು ದರ್ಗಾದ ಮೆಟ್ಟಿಲ ಕೆಳಗೇ ನಿಲ್ಲಿಸಿದ್ದ, ಆದರೆ ಎಷ್ಟು ದಿನ? ಕೆಲಸ ಹೋಗುವುದು ಒಂದು ಕಡೆ. ಅದಕ್ಕಿಂತ ದೊಡ್ಡದು, ಓಣಿ ನಗುತ್ತದೆ. ಓಣಿ ಹೇಗೆ ನಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಕಲಿಸಿದವಳೇ ಅವಳು.

ಮರುವರ್ಷ ಕಡಲೆ ಸುಗ್ಗಿಯ ಮೇಲೆ ಅಡತಿ ಅಂಗಡಿಯ ಮಲ್ಲೇಶಪ್ಪ ಬಂದ. ರೈತರ ಕಡಲೆಯನ್ನೆಲ್ಲ ಅಗ್ಗದಲ್ಲಿ ಕೊಂಡು ಗೋದಾಮಿನಲ್ಲಿ ಒಟ್ಟಿದ್ದ. ಇನ್ನು ರೇಟು ಏರಬೇಕಿತ್ತು. ದೊಡ್ಡ ಮನುಷ್ಯನ ಹರಕೆ ಸಣ್ಣ ಬಟ್ಟೆಯಲ್ಲಿ ಹಿಡಿಯುವುದಿಲ್ಲವಲ್ಲ! ಹುಬ್ಬಳ್ಳಿಯಿಂದ ರೇಷ್ಮೆಯಂಥ ಬಟ್ಟೆ ತರಿಸಿ, ಸುತ್ತಲೂ ಜರಿಯ ಲೇಸು, ಲೇಸಿಗೆ ಗೊಂಡೆ, ಗೊಂಡೆಗೆ ಮಣಿ ಹಚ್ಚಬೇಕೆಂದ. ಬಟ್ಟೆಯ ಜೊತೆ ಅವನ್ನೂ ಒಂದು ಚೀಲದಲ್ಲಿ ತಂದಿದ್ದ.

"ನಿಶಾನಿ ಹೊಲೀಲೋ, ಮದುಮಗಳಿಗೆ ಲಂಗಾ ಹೊಲೀಲೋ?" ಎಂದಳು ರಮಜಾನಬಿ. ಆದರೂ ಇಟ್ಟುಕೊಂಡಳು. ಬೇಡವೆಂದರೆ ಯಾಕೆ ಎಂದು ಕೇಳುತ್ತಾರೆ.

ಆ ಲೇಸೇ ಅವಳ ಮರ್ಯಾದೆ ತೆಗೆಯಿತು. ಎಲ್ಲಿ ಮುಟ್ಟಿದರೂ ಗಂಟು, ಎಲ್ಲಿ ಮುಟ್ಟಿದರೂ ಮಣಿ. ತಾನು ಹಾಕಿಟ್ಟ ಗುರುತಿನ ಗಂಟು ಅದರೊಳಗೆ ಎಲ್ಲಿ ಹೋಯಿತೋ, ಬೆರಳು ಅದನ್ನು ದಾಟಿ ಹೋಯಿತು. ಗೊಂಡೆಯ ಗಂಟೊಂದು ಕೈಗೆ ಸಿಕ್ಕಾಗ ಇದೇ ಅದು ಎಂದುಕೊಂಡು ನಿಲ್ಲಿಸಿ, ಹಲ್ಲಿನಿಂದ ದಾರ ಹರಿದಳು.

ಗುರುವಾರ ಬೆಳಗ್ಗೆ ಮಲ್ಲೇಶಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಜೊತೆಗೆ ಕಾಶೀಂಸಾಬ. ಬಡವರು ನಿಶಾನೆ ಹೊತ್ತು ದಿಬ್ಬ ಹತ್ತಬೇಕು, ಸಾಹುಕಾರರಿಗಾದರೆ ಮುಜಾವರನೇ ಇಳಿದು ಬರುತ್ತಾನೆ. ಓಣಿಯಲ್ಲಿ ಜನ ಸೇರಿತು. ಮಾಳವ್ವ ಎಮ್ಮೆಯ ಜೊತೆ ಹೊರಟವಳು ದಾರಿ ಇಲ್ಲದೆ ಅಲ್ಲೇ ನಿಂತಳು.

ಮಲ್ಲೇಶಪ್ಪ ಸೂಜಿ ಹಿಡಿದು ನಿಶಾನೆಯನ್ನು ಆ ಕಡೆ ಈ ಕಡೆ ತಿರುಗಿಸಿದ. "ಎಲ್ಲೈತಿ ಮೂಲಿ?"

"ಕಣ್ಣ ಅದಾವಿಲ್ಲೋ ನಿಮಗ?" ಎಂದಳು ರಮಜಾನಬಿ. "ಅಲ್ಲೇ ಐತಿ ನೋಡ್ರಿ."

ಕಾಶೀಂಸಾಬ ಬಟ್ಟೆ ಇಸಿದುಕೊಂಡು ಸುತ್ತ ನೋಡಿದ. "ಇಲ್ಲ ರಮಜಾನಬಿ. ಮೂಲಿ ಮುಚ್ಚೈತಿ."

ಅವಳು ಕಸಿದುಕೊಂಡು ಬೆರಳಾಡಿಸಿದಳು. ಮೊದಲು ಸಿಟ್ಟಿನಿಂದ, ಆಮೇಲೆ ಗಾಬರಿಯಿಂದ, ನಾಲ್ಕೂ ಮೂಲೆ. ಎಲ್ಲ ಮುಚ್ಚಿತ್ತು. ಅವಳದೇ ಹೊಲಿಗೆ, ಒತ್ತೊತ್ತಾಗಿ, ಒಂದು ಇರುವೆ ನುಗ್ಗದ ಹಾಗೆ.

"ಬಿಚ್ಚಿ ಮತ್ತ ಹೊಲಿ. ಅದಕ್ಕೇನು!" ಎಂದ ಮಲ್ಲೇಶಪ್ಪ.

"ಬಿಚ್ಚಾಕ ಬರೂದಿಲ್ರಿ ಸಾವ್ಕಾರ್ರ," ಎಂದ ಕಾಶೀಂಸಾಬ. "ಮುಚ್ಚಿದವರದು ಹರಕಿ. ಈ ನಿಶಾನಿ ಈಗ ಈಕೀದು. ಏನ ಬೇಕಂತ ಈಕಿನ ಹೇಳಬೇಕು."

"ಮತ್ತ ನನ್ನ ಕಡ್ಲಿ?" ಸಾಹುಕಾರನಿಗೆ ಅಳು ಬರುವುದೊಂದು ಬಾಕಿ. ಅವನ ಕಡಲೆಯ ಮೇಲೆ ಯಾರಿಗೂ ಕರುಣೆ ಇರಲಿಲ್ಲ, ನನಗೂ ಇಲ್ಲ.

ರಮಜಾನಬಿಯ ನಾಲಿಗೆಯ ತುದಿಗೆ ಮೆಹನಾಜಳ ಹೆಸರು ಬಂದಿತ್ತು. ಸೊಸೆ ಮುಚ್ಚಿದಳು ಎಂದುಬಿಟ್ಟರೆ ಮುಗಿಯಿತು. ಮೆಹನಾಜ ಬಾಗಿಲಲ್ಲೇ ನಿಂತಿದ್ದಳು, ಹೂಂ ಅಂದೂ ಬಿಡುತ್ತಿದ್ದಳು, ಪಾಪದ ಹುಡುಗಿ. ಆದರೆ ನಿಶಾನೆ ಕೈಯಲ್ಲಿತ್ತು, ಹೆಬ್ಬೆರಳು ಆ ಮೂಲೆಯ ಮೇಲೇ ಇತ್ತು. ಅದರ ಮೇಲೆ ಸುಳ್ಳು ಹೇಳುವುದು ರಮಜಾನಬಿಯಿಂದಲೂ ಆಗಲಿಲ್ಲ.

"ಸಾಕ್ಷಿ ಯಾರ ಕೂಡ್ತೀರಿ?" ಎಂದ ಕಾಶೀಂಸಾಬ.

ಓಣಿಯವರು ಒಬ್ಬರ ಮೋರೆ ಒಬ್ಬರು ನೋಡಿದರು. ನಗಲು ಎಲ್ಲರೂ ತಯಾರು, ಕೂಡಲು ಒಬ್ಬರೂ ಇಲ್ಲ. ಕೊನೆಗೆ ಮಾಳವ್ವ ಎಮ್ಮೆಯ ಹಗ್ಗವನ್ನು ಕಂಬಕ್ಕೆ ಸುತ್ತಿ, ಕಟ್ಟೆ ಹತ್ತಿ ಎದುರಿಗೆ ಕೂತಳು. ಸಗಣಿಯ ವಾಸನೆಯಿಂದಲೇ ರಮಜಾನಬಿಗೆ ಯಾರೆಂದು ಗೊತ್ತಾಯಿತು.

"ಹೇಳ್ರಿ ಬೂಬವ್ವಾ."

"ಎಲ್ಲಾರಿಗೂ ಒಳ್ಳೇದಾಗ್ಲಿ," ಎಂದಳು ರಮಜಾನಬಿ.

"ಎಲ್ಲಾರ ಉಸಾಬರಿ ನಿಮಗ ಯಾಕ? ನಿಮಗ ಏನ ಬೇಕು, ಅದನ್ನ ಹೇಳ್ರಿ."

ಓಣಿಯಲ್ಲಿ ಯಾರೋ ಕಿಸಕ್ಕೆಂದರು. ರಮಜಾನಬಿಯ ತುಟಿ ಅಲುಗಿತು. ಏನೋ ಅಂದಳು, ಅದು ಅವಳ ಸೆರಗು ದಾಟಲಿಲ್ಲ.

"ಜೋರಾಗಿ ಹೇಳ್ರಿ," ಎಂದಳು ಮಾಳವ್ವ. "ಕೇಳ್ಸಲಿಲ್ಲ."

"ನನಗ ಕಣ್ಣ ಕಾಣಂಗಿಲ್ಲ!" ರಮಜಾನಬಿ ಕಿರುಚಿದಳು. ಕಂಬದ ಹತ್ತಿರ ಎಮ್ಮೆ ಬೆದರಿ ಹಿಂದೆ ಸರಿಯಿತು. "ವರ್ಷಾತು. ಏನೂ ಕಾಣಂಗಿಲ್ಲ. ನನಗ ಕಣ್ಣ ಬೇಕು."

ಈಗ ನಗುತ್ತಾರೆ ಎಂದು ಅವಳು ಕಾದಳು. ಕುತ್ತಿಗೆ ಬಗ್ಗಿಸಿ, ಏಟಿಗೆ ಕಾದವಳ ಹಾಗೆ ಕಾದಳು. ಓಣಿ ಮಾಳವ್ವನ ಬಾಯಿ ನೋಡುತ್ತಿತ್ತು. ಅವಳು ಒಂದು ಮಾತು ಅಂದರೆ ಸಾಕಿತ್ತು, ಪೇಪರಿನ ಮಾತು, ಇಷ್ಟು ವರ್ಷ ಮಡಚಿ ಇಟ್ಟುಕೊಂಡ ಮಾತು.

"ಆತು, ನಾ ಸಾಕ್ಷಿ," ಎಂದಳು ಮಾಳವ್ವ. "ನಡೀರಿ, ನಿಶಾನಿ ಏರ್ಸಿ ಬರೂಣು. ನಾಳೆ ಗದಗಕ್ಕ ಕಣ್ಣಿನ ದವಾಖಾನಿಗೆ ಹೋಗೂಣು. ನಮ್ಮ ಎಮ್ಮಿಗೆ ಆ ಸೌಲತ್ತ ಇರಲಿಲ್ಲ."

ಮಲ್ಲೇಶಪ್ಪನ ಜರಿ, ಗೊಂಡೆ, ಮಣಿ ಎಲ್ಲ ರಮಜಾನಬಿಯ ಹೆಗಲ ಮೇಲೆ ಮಿಣಮಿಣ ಎನ್ನುತ್ತ ಶಿರೋಳದ ದಾರಿ ಹಿಡಿದವು. ಕಾಶೀಂಸಾಬ ಮುಂದೆ, ಸಾಹುಕಾರ ಎಲ್ಲೂ ಇಲ್ಲ. ಎಮ್ಮೆಯನ್ನು ಕಾಲುವೆಗೆ ಕರೆದೊಯ್ಯುವ ಕೆಲಸ ಆ ದಿನ ಮೆಹನಾಜಳ ಪಾಲಿಗೆ ಬಂತು. ಮಾಳವ್ವ ರಮಜಾನಬಿಯ ಮೊಣಕೈ ಹಿಡಿದಿದ್ದಳು. ಕಲ್ಲು ಬಂದಾಗ "ಕಲ್ಲೈತಿ ನೋಡ್ರಿ" ಎಂದಳು, ಗಟಾರ ಬಂದಾಗ "ದಾಟ್ರಿ" ಎಂದಳು.

ದಿಬ್ಬದ ಹತ್ತಿರ ರಮಜಾನಬಿಗೆ ಬಾಯಿ ಬಂತು. "ಮೆಲ್ಲಕ ನಡಿ. ನಾ ಏನ ನಿನ್ನ ಎಮ್ಮಿ ಅಲ್ಲ."

"ಗೊತ್ತೈತಿ ತಗೋರಿ," ಎಂದಳು ಮಾಳವ್ವ. "ಅದು ಕೈ ಹಿಡಿದವರಿಗೆ ಹಾಯೂದಿಲ್ಲ."

ರಮಜಾನಬಿ ಏನೋ ಅನ್ನಲು ಬಾಯಿ ತೆರೆದಳು. ಆಮೇಲೆ ಮುಚ್ಚಿ, ಮಾಳವ್ವನ ಕೈಯನ್ನು ತಾನೇ ಬಿಗಿಯಾಗಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.